ಹಿಮ್ಮೇಳದ ಚರಿತ್ರೆ: ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಫಿಲಿಪಿನೋ ವಲಸಿಗರು ಕಟ್ಟಿಕೊಂಡ ಸಂಗೀತವಲಯ

1. ಪ್ರವೇಶ

ನಮ್ಮ ಯಕ್ಷಗಾನದ ಪರಿಭಾಷೆಯಲ್ಲಿ ಮುಮ್ಮೇಳ, ಹಿಮ್ಮೇಳ ಎಂಬ ಎರಡು ಮಾತುಗಳಿವೆ. ವೇಷ ಕಟ್ಟಿ ರಂಗಸ್ಥಳದಲ್ಲಿ ಕುಣಿಯುವವರು ಮುಮ್ಮೇಳದವರು. ಭಾಗವತರು, ಮದ್ದಲೆಯವರು, ಚಂಡೆಯವರು ಹಿಮ್ಮೇಳದವರು. ನೋಡುಗರ ಕಣ್ಣು ಮುಮ್ಮೇಳದ ಮೇಲೆ ನೆಟ್ಟಿರುತ್ತದೆಯಾದರೂ ಆಟ ನಿಲ್ಲುವುದು ಹಿಮ್ಮೇಳದ ಬಲದ ಮೇಲೆ. ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮುಮ್ಮೇಳದ ಚರಿತ್ರೆಯನ್ನೇ ಬರೆಯುತ್ತಾರೆ. ಗಾಯಕರ ಹೆಸರು, ಧ್ವನಿಮುದ್ರಿಕೆ ಹೊರಬಂದ ವರ್ಷ, ದೊರೆತ ಪ್ರಶಸ್ತಿ ಇವೆಲ್ಲವೂ ದಾಖಲಾಗುತ್ತವೆ. ಆ ಕಲಾವಿದನಿಗೆ ಮೊದಲ ವಾದ್ಯ ಕೊಳ್ಳಲು ಹಣ ಕೊಟ್ಟವರು ಯಾರು, ಅಭ್ಯಾಸಕ್ಕೆ ಜಾಗ ಬಿಟ್ಟುಕೊಟ್ಟವರು ಯಾರು, ತಪ್ಪಿದಾಗ ತಿದ್ದಿದವರು ಯಾರು, ಹೆಸರಿಲ್ಲದ ಕಾಲದಲ್ಲಿ ಎದುರು ಕುಳಿತು ಕೇಳಿದವರು ಯಾರು ಎಂಬ ಪ್ರಶ್ನೆಗಳು ಹಿಂದೆಯೇ ಉಳಿಯುತ್ತವೆ.

ಪ್ರಸ್ತುತ ಲೇಖನವು ಈ ಎರಡನೆಯ ಬಗೆಯ ಪ್ರಶ್ನೆಗಳನ್ನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ನೆಲೆಸಿದ ಫಿಲಿಪಿನೋ ವಲಸಿಗರ ಸಂಗೀತವನ್ನು ಮುಂದಿಟ್ಟುಕೊಂಡು ಕೇಳುತ್ತದೆ. ಒಂದು ಊರಿನ ಕಲಾವಿದರು, ಕೇಳುಗರು, ಗುರುಗಳು, ಸೇರುವ ತಾಣಗಳು ಮತ್ತು ಹಾಡುವ ಸಂದರ್ಭಗಳು ಒಂದಕ್ಕೊಂದು ಆಸರೆಯಾಗಿ ನಿಂತಾಗ ಉಂಟಾಗುವ ವ್ಯವಸ್ಥೆಯನ್ನು ಇಲ್ಲಿ ‘ಸಂಗೀತವಲಯ’ ಎಂದು ಕರೆಯಲಾಗಿದೆ. ಪ್ರತಿಭೆ ಇದ್ದ ಮಾತ್ರಕ್ಕೆ ಸಂಗೀತವಲಯ ಹುಟ್ಟುವುದಿಲ್ಲ. ಫಿಲಿಪಿನೋ ಸಂಗೀತಗಾರರಲ್ಲಿ ಪ್ರತಿಭೆಗೆ ಎಂದೂ ಕೊರತೆ ಇರಲಿಲ್ಲ. ಆದರೆ ಅವರು ಬಹುಕಾಲ ಪರರ ಆಟಕ್ಕೆ ಹಿಮ್ಮೇಳವಾಗಿಯೇ ದುಡಿದರು. ತಮ್ಮದೇ ಹಿಮ್ಮೇಳವನ್ನು ಕಟ್ಟಿಕೊಳ್ಳಲು ಅವರಿಗೆ ಮುಕ್ಕಾಲು ಶತಮಾನ ಬೇಕಾಯಿತು. ಆ ಕಟ್ಟುವಿಕೆಯಲ್ಲಿ ನಿರ್ಣಾಯಕವಾದದ್ದು ಮಾರುಕಟ್ಟೆಯೂ ಅಲ್ಲ, ಪ್ರಭುತ್ವದ ಆಶ್ರಯವೂ ಅಲ್ಲ. ಕುಟುಂಬ, ನೆರೆಹೊರೆ, ಗುರು ಮತ್ತು ಕೈಗೆಟಕುವ ಬಾಡಿಗೆಯ ಒಂದು ಸ್ಥಳ ಎಂಬುದು ಈ ಲೇಖನದ ಪ್ರಮುಖ ನಿಲುವು.

2. ಪರರ ಮೇಳಕ್ಕೆ ಹಿಮ್ಮೇಳ

ಫಿಲಿಪೀನ್ಸ್ ದ್ವೀಪಗಳು 1565ರಿಂದ 1898ರವರೆಗೆ ಸ್ಪೇನಿನ ವಸಾಹತಾಗಿದ್ದವು. ಈ ಮೂರು ಶತಮಾನಗಳಲ್ಲಿ ಚರ್ಚಿನ ಗಾಯನ, ಊರ ಹಬ್ಬದ ಬ್ಯಾಂಡು ಮತ್ತು ತಂತಿವಾದ್ಯಗಳ ‘ರೊಂಡಾಲಾ’ ಮೇಳ ಅಲ್ಲಿನ ಬಯಲುನಾಡಿನ ಕ್ರೈಸ್ತ ಸಮುದಾಯಗಳ ಬದುಕಿನೊಳಗೆ ಬೆರೆತುಹೋದವು. 1898ರ ಪ್ಯಾರಿಸ್ ಒಪ್ಪಂದದ ಮೂಲಕ ದ್ವೀಪಗಳು ಅಮೆರಿಕದ ವಶವಾದಾಗ ಹೊಸ ಒಡೆಯರಿಗೆ ಪಾಶ್ಚಾತ್ಯ ಸಂಗೀತವನ್ನು ಬಲ್ಲ ಒಂದು ಸಿದ್ಧ ಪಡೆಯೇ ದೊರೆಯಿತು. ಆಫ್ರಿಕನ್ ಅಮೆರಿಕನ್ ಸಂಗೀತ ನಿರ್ದೇಶಕ ವಾಲ್ಟರ್ ಲವಿಂಗ್ ಅವರ ನೇತೃತ್ವದಲ್ಲಿ ಬೆಳೆದ ಫಿಲಿಪೀನ್ಸ್ ಕಾನ್‌ಸ್ಟಾಬ್ಯುಲರಿ ಬ್ಯಾಂಡ್ 1904ರಲ್ಲಿ ಸೇಂಟ್ ಲೂಯಿಸ್ ನಗರದ ವಿಶ್ವ ಮೇಳದಲ್ಲಿ ನುಡಿಸಿ ಮೆಚ್ಚುಗೆ ಪಡೆಯಿತು. 1909ರಲ್ಲಿ ಅಧ್ಯಕ್ಷ ಟಾಫ್ಟ್ ಅವರ ಅಧಿಕಾರ ಸ್ವೀಕಾರದ ಮೆರವಣಿಗೆಯಲ್ಲಿ ಪಾಲ್ಗೊಂಡಿತು. ಸೇಂಟ್ ಲೂಯಿಸ್‌ನಲ್ಲಿ ಒಂದು ಸಂಜೆ ವಾದನದ ನಡುವೆ ದೀಪಗಳು ಆರಿಹೋದವೆಂದೂ, ಲವಿಂಗ್ ತಮ್ಮ ನಿರ್ದೇಶನದ ಕೋಲಿಗೆ ಬಿಳಿಯ ಕರವಸ್ತ್ರ ಕಟ್ಟಿ ಕತ್ತಲಲ್ಲೇ ಬೀಸಿದರೆಂದೂ, ವಾದ್ಯಗಾರರು ಬರಹದ ಆಸರೆಯಿಲ್ಲದೆ ನೆನಪಿನಿಂದಲೇ ನುಡಿಸಿ ಮುಗಿಸಿದರೆಂದೂ ಒಂದು ಕಥೆ ಪ್ರಚಲಿತವಾಗಿದೆ. ಜಾನಪದ ವಿದ್ಯಾರ್ಥಿಗೆ ಈ ಕಥೆಯ ಸತ್ಯಾಸತ್ಯತೆಗಿಂತ ಅದು ಉಳಿದುಬಂದಿರುವ ಬಗೆ ಮುಖ್ಯ. ಸಮುದಾಯವು ತನ್ನ ಸಂಗೀತ ಸಾಮರ್ಥ್ಯದ ಬಗೆಗೆ ಇಟ್ಟುಕೊಂಡ ಹೆಮ್ಮೆ ಅದರಲ್ಲಿ ಅಡಗಿದೆ. ಅದೇ ಮೇಳದಲ್ಲಿ ಸಾವಿರಕ್ಕೂ ಹೆಚ್ಚು ಫಿಲಿಪೀನ್ಸ್ ನಿವಾಸಿಗಳನ್ನು ಬೇಲಿಯೊಳಗಿನ ‘ಹಳ್ಳಿ’ಗಳಲ್ಲಿ ಪ್ರದರ್ಶನಕ್ಕೆ ಇಡಲಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ. ನುಡಿಸುವವನು ಆಳಿಸಿಕೊಂಡವನು, ಕೇಳುವವನು ಆಳುವವನು. ಈ ಸಂಬಂಧದಲ್ಲಿ ಮೆಚ್ಚುಗೆ ಇತ್ತು, ಸಮಾನತೆ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಶಾಂಘೈ, ಹಾಂಗ್‌ಕಾಂಗ್ ಮುಂತಾದ ಬಂದರು ನಗರಗಳ ಹೋಟೆಲುಗಳಲ್ಲಿ ಮತ್ತು ನೃತ್ಯಶಾಲೆಗಳಲ್ಲಿ ಜಾಸ್ ನುಡಿಸಿದವರಲ್ಲಿ ಫಿಲಿಪಿನೋ ವಾದ್ಯಗಾರರ ಪಾಲು ದೊಡ್ಡದು. 1974ರಲ್ಲಿ ಮಾರ್ಕೋಸ್ ಆಡಳಿತವು ಹೊಸ ಕಾರ್ಮಿಕ ಸಂಹಿತೆಯ ಮೂಲಕ ವಿದೇಶಿ ಉದ್ಯೋಗವನ್ನು ಪ್ರಭುತ್ವದ ನೀತಿಯಾಗಿಸಿದ ಮೇಲೆ ಸಂಗೀತಗಾರರೂ ರಫ್ತಿನ ಸರಕಾದರು. 2004ರ ಒಂದೇ ವರ್ಷದಲ್ಲಿ 80,000ಕ್ಕೂ ಹೆಚ್ಚು ಫಿಲಿಪಿನೋಗಳು ಮನರಂಜನಾ ಕಲಾವಿದರ ವೀಸಾದ ಮೇಲೆ ಜಪಾನನ್ನು ಪ್ರವೇಶಿಸಿದ್ದರು. ಅವರಲ್ಲಿ ಬಹುಪಾಲು ಮಹಿಳೆಯರು. ಶೋಷಣೆಯ ಬಗ್ಗೆ ಅಂತಾರಾಷ್ಟ್ರೀಯ ಟೀಕೆ ಕೇಳಿಬಂದ ಮೇಲೆ 2005ರಲ್ಲಿ ಜಪಾನ್ ನಿಯಮಗಳನ್ನು ಬಿಗಿಗೊಳಿಸಿತು. ಈ ಎಲ್ಲ ಕಡೆಗಳಲ್ಲೂ ಕೇಳುಗರು ಬಯಸಿದ್ದು ತಮಗೆ ಪರಿಚಿತವಾದ ಹಾಡನ್ನು ಮೂಲದಂತೆಯೇ ಹಾಡಬಲ್ಲ ಕಂಠವನ್ನು. ಹೀಗಾಗಿ ಫಿಲಿಪಿನೋ ಸಂಗೀತಗಾರರು ‘ಒಳ್ಳೆಯ ಅನುಕರಣೆಕಾರರು’ ಎಂಬ ಮಾತು ಹೊಗಳಿಕೆಯ ರೂಪದ ಕಳಂಕವಾಗಿ ಅಂಟಿಕೊಂಡಿತು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮೂಲದ ‘ಜರ್ನಿ’ ತಂಡವು ಮನಿಲಾದ ಆರ್ನೆಲ್ ಪಿನೇಡ ಅವರನ್ನು ಮುಖ್ಯ ಗಾಯಕರನ್ನಾಗಿ ಆರಿಸಿಕೊಂಡದ್ದು, ಅವರು ತನ್ನದೇ ಹಾಡುಗಳನ್ನು ಮೂಲಕ್ಕೆ ಹತ್ತಿರವಾಗಿ ಹಾಡುತ್ತಿದ್ದ ದೃಶ್ಯಗಳನ್ನು ಕಂಡ ಮೇಲೆಯೇ. ಅನುಕರಣೆ ಇಲ್ಲಿ ಜನಾಂಗದ ಸ್ವಭಾವವಲ್ಲ. ಕೂಲಿಗೆ ನುಡಿಸುವವನ ಮೇಲೆ ಮಾರುಕಟ್ಟೆ ಹೇರಿದ ಷರತ್ತು. ತನ್ನ ಹಾಡನ್ನು ಹಾಡಬೇಕಾದರೆ ತನ್ನವರಾದ ಕೇಳುಗರು ಬೇಕು.

3. ಮನೋಂಗ್‌ಗಳ ಕಾಲ: ಪ್ರತಿಭೆ ಉಂಟು, ವಲಯವಿಲ್ಲ

1906ರ ಡಿಸೆಂಬರ್‌ನಲ್ಲಿ 15 ಮಂದಿ ಫಿಲಿಪಿನೋ ಕೂಲಿಗಾರರು ಹವಾಯಿಯ ಕಬ್ಬಿನ ತೋಟಕ್ಕೆ ಬಂದಿಳಿದುದರಿಂದ ಸಂಘಟಿತ ವಲಸೆ ಆರಂಭವಾಯಿತು. 1920ರ ದಶಕದಲ್ಲಿ ಸಾವಿರಾರು ಯುವಕರು ಕ್ಯಾಲಿಫೋರ್ನಿಯದ ಹೊಲಗಳಿಗೂ ತೋಟಗಳಿಗೂ ಬಂದರು. ಮುಂದಿನ ಪೀಳಿಗೆ ಇವರನ್ನು ಗೌರವದಿಂದ ‘ಮನೋಂಗ್’ ಎಂದು ಕರೆಯಿತು. ಇಲೊಕಾನೊ ಭಾಷೆಯಲ್ಲಿ ಅದು ಅಣ್ಣ ಎಂಬರ್ಥದ ಮಾತು. ಬಹುಪಾಲು ಅವಿವಾಹಿತರಾಗಿದ್ದ ಇವರಿಗೆ ಕೆಲಸದ ಹಂಗಾಮಿನ ನಂತರ ಸೇರಲು ಇದ್ದ ತಾಣಗಳು ಬಿಲಿಯರ್ಡ್ಸ್ ಕೋಣೆ, ಕ್ಷೌರದಂಗಡಿ ಮತ್ತು ನೃತ್ಯಶಾಲೆ. 10 ಸೆಂಟಿನ ಒಂದು ಚೀಟಿಗೆ ಒಂದು ಹಾಡಿನಷ್ಟು ಕಾಲ ನೃತ್ಯ ಸಂಗಾತಿ ದೊರೆಯುತ್ತಿದ್ದ ಆ ಶಾಲೆಗಳಲ್ಲಿ ಹಗಲಿನ ದುಡಿಮೆಯ ಹಣ ಕರಗುತ್ತಿತ್ತು. ಬಿಳಿಯ ಯುವತಿಯರೊಡನೆ ಫಿಲಿಪಿನೋ ಯುವಕರು ನರ್ತಿಸುವುದೇ ಬಿಳಿಯರ ಸಿಟ್ಟಿಗೆ ಕಾರಣವಾಯಿತು. 1930ರ ಜನವರಿಯಲ್ಲಿ ವಾಟ್ಸನ್‌ವಿಲ್ ಊರಿನ ಬಳಿಯ ಇಂಥದೊಂದು ನೃತ್ಯಶಾಲೆಯನ್ನು ನೆಪವಾಗಿಸಿಕೊಂಡು ಗುಂಪುಗಳು ಹಲವು ದಿನ ದಾಳಿ ನಡೆಸಿದವು. ಫರ್ಮಿನ್ ತೊಬೆರಾ ಎಂಬ 22 ವರ್ಷದ ಕೂಲಿಗಾರ ಗುಂಡೇಟಿಗೆ ಬಲಿಯಾದ. 1934ರ ಕಾಯ್ದೆಯೊಂದು ಫಿಲಿಪಿನೋ ವಲಸೆಯನ್ನು ವರ್ಷಕ್ಕೆ 50 ಜನರಿಗೆ ಮಿತಿಗೊಳಿಸಿತು. ಸಂಗೀತ ಕೇಳುವ, ಕುಣಿಯುವ ತಾಣವೇ ಪ್ರಾಣಕ್ಕೆ ಎರವಾದ ಈ ಪ್ರಸಂಗವು ‘ಸ್ಥಳ’ ಎಂಬುದು ಈ ಚರಿತ್ರೆಯಲ್ಲಿ ಏಕೆ ಮುಖ್ಯ ಎಂಬುದನ್ನು ಮೊದಲೇ ಸೂಚಿಸುತ್ತದೆ.

ಈ ಘಟ್ಟದಲ್ಲಿ ಹಾಗೂ ಇದರ ನಂತರದ ದಶಕಗಳಲ್ಲಿ ಫಿಲಿಪಿನೋ ಮೂಲದ ಗಣ್ಯ ಕಲಾವಿದರು ಬಂದರು, ಆದರೆ ಅವರು ಬೆಳೆದದ್ದು ಇತರರ ವಲಯಗಳಲ್ಲಿ. ಫಿಲಿಪಿನೋ ತಂದೆ ಮತ್ತು ಆಫ್ರಿಕನ್ ಅಮೆರಿಕನ್ ತಾಯಿಯ ಮಗಳಾಗಿ 1935ರಲ್ಲಿ ಹುಟ್ಟಿ, ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ಬಡಾವಣೆಯಲ್ಲಿ ಬೆಳೆದು, 2024ರಲ್ಲಿ ನಿಧನರಾದ ಶುಗರ್ ಪೈ ಡಿಸ್ಯಾಂಟೊ ಕರಿಯರ ರಿದಂ ಅಂಡ್ ಬ್ಲೂಸ್ ಪರಂಪರೆಯ ಗಾಯಕಿಯೆಂದೇ ಹೆಸರಾದರು. ನ್ಯೂಯಾರ್ಕಿನ ಜೋ ಬಟಾನ್ ಅವರ ತಂದೆಯೂ ಫಿಲಿಪಿನೋ. ಬಟಾನ್ ಬೆಳಗಿದ್ದು ಲ್ಯಾಟಿನ್ ಸೋಲ್ ಸಂಗೀತದಲ್ಲಿ. ಮನಿಲಾದಲ್ಲಿ ಹುಟ್ಟಿ 1961ರಲ್ಲಿ ಸ್ಯಾಕ್ರಮೆಂಟೊಗೆ ಬಂದ ಜೂನ್ ಮತ್ತು ಜೀನ್ ಮಿಲಿಂಗ್ಟನ್ ಸೋದರಿಯರು ಕಟ್ಟಿದ ‘ಫ್ಯಾನಿ’ ತಂಡವು 1970ರಲ್ಲಿ ತನ್ನ ಮೊದಲ ಆಲ್ಬಂ ಹೊರತಂದಿತು. ದೊಡ್ಡ ಕಂಪನಿಯೊಂದರಿಂದ ಪೂರ್ಣ ಆಲ್ಬಂ ತಂದ ಮೊದಮೊದಲ ಸ್ತ್ರೀ ರಾಕ್ ತಂಡಗಳಲ್ಲಿ ಅದು ಒಂದು. ಇವರ ಸಾಧನೆ ದೊಡ್ಡದು. ಆದರೆ ಇವರಿಗೆ ತಮ್ಮದೇ ಸಮುದಾಯದ ಕೇಳುಗ ವರ್ಗವಾಗಲಿ, ಇವರಿಂದ ಕಲಿತು ಮುಂದುವರಿಯುವ ತಂಡಗಳ ಸಾಲಾಗಲಿ ಆಗ ರೂಪುಗೊಳ್ಳಲಿಲ್ಲ.

ಸಮುದಾಯವು ಗುಂಪಾಗಿ ವಾಸಿಸುತ್ತಿದ್ದ ಕೇರಿಗಳೂ ಇದೇ ಕಾಲದಲ್ಲಿ ಕಳಚಿಬಿದ್ದವು. ಸ್ಟಾಕ್‌ಟನ್ ನಗರದ ‘ಲಿಟಲ್ ಮನಿಲಾ’ದ ಬಹುಭಾಗವನ್ನು ನಗರ ನವೀಕರಣವೂ ಹೆದ್ದಾರಿಯೂ ನುಂಗಿದುದನ್ನು ಚರಿತ್ರಕಾರ್ತಿ ಡಾನ್ ಮಬಲೋನ್ ತಮ್ಮ 2013ರ ಕೃತಿಯಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದ ಕಿಯರ್ನಿ ಬೀದಿಯ ‘ಮನಿಲಾಟೌನ್’ನಲ್ಲಿ ಕೊನೆಗೆ ಉಳಿದದ್ದು ಇಂಟರ್‌ನ್ಯಾಷನಲ್ ಹೋಟೆಲ್ ಎಂಬ ಕಟ್ಟಡ. ವೃದ್ಧ ಮನೋಂಗ್‌ಗಳು ಬಾಡಿಗೆಗಿದ್ದ ಆ ಕಟ್ಟಡದಿಂದ ಅವರನ್ನು 1977ರ ಆಗಸ್ಟ್ 4ರ ಬೆಳಗಿನ ಜಾವ ಪೊಲೀಸರು ಹೊರಹಾಕಿದರು. ಸಾವಿರಾರು ಜನ ತೋಳಿಗೆ ತೋಳು ಸೇರಿಸಿ ಕಟ್ಟಡದ ಸುತ್ತ ನಿಂತಿದ್ದರೂ ಫಲವಾಗಲಿಲ್ಲ. ವಲಯವೊಂದು ಹುಟ್ಟಬಹುದಾಗಿದ್ದ ನೆಲವೇ ಹೀಗೆ ಕೈತಪ್ಪಿತು.

4. ಗ್ಯಾರೇಜಿನಲ್ಲಿ ಹುಟ್ಟಿದ ಮೇಳ

ಹೊಸ ನೆಲೆಯನ್ನು ಒದಗಿಸಿದ್ದು 1965ರ ವಲಸೆ ಕಾಯ್ದೆ. ಇದರ ನಂತರ ದಾದಿಯರು, ವೈದ್ಯರು, ಎಂಜಿನಿಯರರು, ಲೆಕ್ಕಪತ್ರ ನೌಕರರು ಕುಟುಂಬಸಮೇತ ಬಂದರು. ಅಮೆರಿಕದ ನೌಕಾಪಡೆಯಲ್ಲಿ ದುಡಿದ ಫಿಲಿಪಿನೋಗಳು ವಲೇಹೊದಂಥ ಊರುಗಳಲ್ಲಿ ನೆಲೆಸಿದರು. ಸ್ಯಾನ್ ಫ್ರಾನ್ಸಿಸ್ಕೊದ ದಕ್ಷಿಣಕ್ಕೆ ಅಂಟಿಕೊಂಡಿರುವ ಡೇಲಿ ಸಿಟಿಯ ಜನಸಂಖ್ಯೆಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಫಿಲಿಪಿನೋ ಮೂಲದವರದಾಯಿತು. ಮನೋಂಗ್‌ಗಳ ಬಾಡಿಗೆ ಕೋಣೆಯ ಬದಲಿಗೆ ಈಗ ಸ್ವಂತ ಮನೆ ಇತ್ತು. ಮನೆಗೆ ಕಾರು ನಿಲ್ಲಿಸುವ ಗ್ಯಾರೇಜು ಇತ್ತು. ಈ ಚರಿತ್ರೆಯ ಮೊದಲ ನಿಜವಾದ ಸಂಗೀತಶಾಲೆ ಆ ಗ್ಯಾರೇಜು.

1970ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗೆ ಕೊಲ್ಲಿ ಪ್ರದೇಶದಲ್ಲಿ ಫಿಲಿಪಿನೋ ಹದಿಹರೆಯದವರ ಸಂಚಾರಿ ಡಿಜೆ ತಂಡಗಳು ಹುಟ್ಟಿಕೊಂಡವು. ವಿದ್ವಾಂಸ ಆಲಿವರ್ ವಾಂಗ್ ಅವರ 2015ರ ಅಧ್ಯಯನ ಈ ತಂಡಗಳ ಚರಿತ್ರೆಯನ್ನು ಬೆಳಕಿಗೆ ತಂದಿತು. ಎರಡು ಟರ್ನ್‌ಟೇಬಲ್, ನಡುವೆ ಒಂದು ಮಿಕ್ಸರ್, ಆಂಪ್ಲಿಫಯರ್, ಆಳೆತ್ತರದ ಸ್ಪೀಕರ್, ಬಣ್ಣದ ದೀಪಗಳು ಇವು ತಂಡದ ಬಂಡವಾಳ. ಒಂದು ಧ್ವನಿಮುದ್ರಿಕೆಯ ಲಯ ಮುಗಿಯುವ ಮೊದಲೇ ಮುಂದಿನದರ ಲಯವನ್ನು ಅದಕ್ಕೆ ಹೊಂದಿಸಿ, ಕುಣಿತ ನಿಲ್ಲದಂತೆ ನೋಡಿಕೊಳ್ಳುವುದು ಡಿಜೆಯ ಕೌಶಲ. ಉಳಿದವರು ಸ್ಪೀಕರ್ ಹೊರುವವರು, ತಂತಿ ಜೋಡಿಸುವವರು, ದೀಪ ನಿರ್ವಹಿಸುವವರು. ಯಾರೊಬ್ಬರ ಹೆಸರಿಗಿಂತ ತಂಡದ ಹೆಸರೇ ಮುಂದಿರುತ್ತಿತ್ತು. ಡೇಲಿ ಸಿಟಿಯ ‘ಸ್ಪಿನ್‌ಟ್ರಾನಿಕ್ಸ್’ ಇಂಥ ತಂಡಗಳಲ್ಲಿ ಹೆಸರಾದದ್ದು.

ಈ ತಂಡಗಳು ಉಳಿದು ಬೆಳೆಯಲು ಕಾರಣವಾದ ಆರ್ಥಿಕ ವ್ಯವಸ್ಥೆಯನ್ನು ಗಮನಿಸಬೇಕು. ಸಲಕರಣೆ ದುಬಾರಿ. ಹುಡುಗರು ತಮ್ಮ ಉಳಿತಾಯವನ್ನು ಒಟ್ಟುಗೂಡಿಸಿದರು. ಸಾಲದ ಭಾಗವನ್ನು ಹೆತ್ತವರು ಕೊಟ್ಟರು. ಆ ಸಾಲ ತೀರಲು ಬೇಕಾದ ಕಾರ್ಯಕ್ರಮಗಳನ್ನು ಒದಗಿಸಿದವರೂ ಬಂಧುಬಳಗದವರೇ. ನಾಮಕರಣ, ಮದುವೆ, ಚರ್ಚಿನ ಸಭಾಂಗಣದ ಕೂಟ, ಊರಿನವರ ಸಂಘದ ವಾರ್ಷಿಕೋತ್ಸವ, ಎಲ್ಲಕ್ಕಿಂತ ಮುಖ್ಯವಾಗಿ ಹುಡುಗಿಗೆ 18 ತುಂಬಿದಾಗ ವೈಭವದಿಂದ ನಡೆಸುವ ‘ದೆಬು’ ಎಂಬ ಆಚರಣೆ ಇವೆಲ್ಲಕ್ಕೂ ಸಂಗೀತ ಬೇಕಿತ್ತು. ಅತ್ತೆಯ ಮಗಳ ದೆಬುವಿಗೆ ನುಡಿಸಿದ ತಂಡವನ್ನು ಅಲ್ಲಿಗೆ ಬಂದ ಇನ್ನೊಂದು ಮನೆಯವರು ಮುಂದಿನ ವಾರಕ್ಕೆ ಕರೆಯುತ್ತಿದ್ದರು. ಫಿಲಿಪೀನ್ಸ್‌ನಲ್ಲಿ ಊರವರೆಲ್ಲ ಸೇರಿ ಒಬ್ಬರ ಬಿದಿರಿನ ಮನೆಯನ್ನು ಹೆಗಲ ಮೇಲೆ ಹೊತ್ತು ಬೇರೆಡೆಗೆ ಸಾಗಿಸುವ ಪದ್ಧತಿಗೆ ‘ಬಯನಿಹಾನ್’ ಎನ್ನುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದರ ತಿರುಳು ಹೊಸದಲ್ಲ. ವಲಸೆಯ ನಗರದಲ್ಲಿ ಮನೆಯ ಬದಲಿಗೆ ಸ್ಪೀಕರುಗಳನ್ನು ಹೊರಲಾಯಿತು. ಹೆಗಲು ಕೊಡುವ ರೀತಿ ಮಾತ್ರ ಹಳೆಯದೇ. ಧಾರ್ಮಿಕ ಮತ್ತು ಕೌಟುಂಬಿಕ ಆವರ್ತನದ ಆಚರಣೆಗಳು ಕಲೆಗೆ ನಿಯಮಿತ ಸಂದರ್ಭವನ್ನು ಒದಗಿಸುತ್ತವೆ ಎಂಬ ಜಾನಪದ ಅಧ್ಯಯನದ ಹಳೆಯ ತಿಳಿವಳಿಕೆಗೆ ವಿದ್ಯುತ್ ವಾದ್ಯಗಳ ಈ ಲೋಕವೂ ಹೊರತಾಗಲಿಲ್ಲ.

ಆದರೆ ಈ ಆಸರೆ ಎಲ್ಲರಿಗೂ ಸಮನಾಗಿ ದೊರೆಯಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ತಂಡಗಳು ಬಹುತೇಕ ಹುಡುಗರ ಕೂಟಗಳಾಗಿದ್ದವು. ತಡರಾತ್ರಿ ಹೊರಗಿರಲು, ಭಾರ ಹೊತ್ತು ಊರೂರು ತಿರುಗಲು ಗಂಡುಮಕ್ಕಳಿಗೆ ಇದ್ದ ಅನುಮತಿ ಹೆಣ್ಣುಮಕ್ಕಳಿಗೆ ಇರಲಿಲ್ಲ. ದೆಬುವಿನ ನಾಯಕಿ ಹುಡುಗಿ. ಆ ರಾತ್ರಿಯ ಸಂಗೀತ ಹುಡುಗರದು. ಕುಟುಂಬವು ಯಾವ ಕೈಯಿಂದ ಆಸರೆ ನೀಡಿತೋ ಅದೇ ಕೈಯಿಂದ ಗೆರೆಯನ್ನೂ ಎಳೆಯಿತು.

ತಂಡಗಳ ನಡುವೆ ಬಹಿರಂಗ ಸ್ಪರ್ಧೆಗಳು ಏರ್ಪಟ್ಟಾಗ ಕೌಶಲದ ಮಟ್ಟ ಏರಿತು. ಈ ವಾತಾವರಣದಲ್ಲಿ ಬೆಳೆದ ಮುಂದಿನ ಪೀಳಿಗೆಯು ಟರ್ನ್‌ಟೇಬಲನ್ನೇ ವಾದ್ಯವಾಗಿಸಿಕೊಂಡಿತು. ತಟ್ಟೆಯನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಉಜ್ಜಿ ಹೊಸ ನಾದವನ್ನು ಹುಟ್ಟಿಸುವ ಈ ಕಲೆಯಲ್ಲಿ ಡಿಜೆ ಕ್ಯೂಬರ್ಟ್, ಮಿಕ್ಸ್ ಮಾಸ್ಟರ್ ಮೈಕ್ ಮತ್ತು ಡಿಜೆ ಅಪೊಲೊ 1992ರಲ್ಲಿ ಡಿಎಂಸಿ ವಿಶ್ವ ಸ್ಪರ್ಧೆಯನ್ನು ಗೆದ್ದರು. 1993ರಲ್ಲಿ ಕ್ಯೂಬರ್ಟ್ ಮತ್ತು ಮೈಕ್ ಮತ್ತೆ ಗೆದ್ದರು. ‘ಇನ್ವಿಸಿಬಲ್ ಸ್ಕ್ರ್ಯಾಚ್ ಪಿಕಲ್ಸ್’ ಎಂಬ ಹೆಸರಿನಲ್ಲಿ ಇವರ ಬಳಗ ಪ್ರಸಿದ್ಧವಾಯಿತು. ಲಾಸ್ ಏಂಜಲಿಸ್ ಪ್ರದೇಶದಲ್ಲಿ 1992ರಲ್ಲಿ ಆರಂಭವಾದ ‘ಬೀಟ್ ಜಂಕೀಸ್’ ಬಳಗದಲ್ಲೂ ಫಿಲಿಪಿನೋ ಮೂಲದ ಬಾಬು ಮತ್ತು ರೆಟ್‌ಮ್ಯಾಟಿಕ್ ಪ್ರಮುಖರು. ಈ ಕಲಾವಿದರಿಗೆ ಇಂದು ಸಲ್ಲುವ ‘ಟರ್ನ್‌ಟೇಬಲಿಸ್ಟ್’ ಎಂಬ ಹೆಸರನ್ನು 1990ರ ದಶಕದ ನಡುವೆ ಬಳಕೆಗೆ ತಂದವರು ಬಾಬು ಅವರೇ. ಗೆದ್ದ ಮೇಲೆ ಇವರು ಕಲಿಸಲು ಮುಂದಾದದ್ದು ಗಮನಾರ್ಹ. ಕ್ಯೂಬರ್ಟ್ 2009ರಲ್ಲಿ ಅಂತರಜಾಲದ ಶಾಲೆಯನ್ನು ತೆರೆದರು. ಬೀಟ್ ಜಂಕೀಸ್ ಬಳಗದವರು ಗ್ಲೆಂಡೇಲ್‌ನಲ್ಲಿ ತರಗತಿಗಳನ್ನು ಆರಂಭಿಸಿದರು. ಮೂಲ ಶೈಲಿಯನ್ನು ಸೃಷ್ಟಿಸಿದ್ದು ಕರಿಯರ ಹಿಪ್‌ಹಾಪ್ ಸಂಸ್ಕೃತಿ ಎಂಬ ಋಣ ಇಲ್ಲಿ ಇದ್ದೇ ಇದೆ. ಆದರೆ ‘ಅನುಕರಣೆಕಾರರು’ ಎನಿಸಿಕೊಂಡವರ ಮಕ್ಕಳನ್ನು ಈಗ ಲೋಕವೇ ಅನುಕರಿಸತೊಡಗಿತು. ಆ ಬದಲಾವಣೆಯ ಬೇರು ದೆಬುವಿನ ಸಭಾಂಗಣಗಳಲ್ಲಿದೆ.

5. ಕುಲಿಂತಾಂಗ್: ಗುರು, ಶಿಷ್ಯರು ಮತ್ತು ಒಂದು ತೊಡಕು

ಗ್ಯಾರೇಜಿನ ಸಂಗೀತ ವಲಸೆಯ ನೆಲದಲ್ಲಿ ಹುಟ್ಟಿದ್ದಾದರೆ, ಅದೇ ಕಾಲದಲ್ಲಿ ತಾಯ್ನಾಡಿನ ಪರಂಪರೆಯೊಂದು ಗುರುಮುಖೇನ ಇಲ್ಲಿಗೆ ಬಂದಿತು. ಫಿಲಿಪೀನ್ಸ್‌ನ ದಕ್ಷಿಣದ ಮಿಂದನಾವೊ ದ್ವೀಪದ ಮಗಿಂದನಾವೊ, ಮರನಾವೊ ಮೊದಲಾದ ಮುಸ್ಲಿಂ ಸಮುದಾಯಗಳಲ್ಲಿ ‘ಕುಲಿಂತಾಂಗ್’ ಎಂಬ ವಾದ್ಯಪರಂಪರೆ ಇದೆ. ಚೌಕಟ್ಟಿನ ಮೇಲೆ ಸಾಲಾಗಿ ಮಲಗಿಸಿದ ಎಂಟು ಗುಬ್ಬಿನ ಗಂಟೆಗಳ ಮೇಲೆ ಮುಖ್ಯ ವಾದಕಿ ಅಥವಾ ವಾದಕ ನುಡಿಸಿದರೆ, ತೂಗುಹಾಕಿದ ದೊಡ್ಡ ‘ಅಗುಂಗ್’, ನಾಲ್ಕು ಗಂಟೆಗಳ ‘ಗಂದಿಂಗಾನ್’, ಲಯ ಹಿಡಿಯುವ ಸಣ್ಣ ಗಂಟೆ ‘ಬಬಂದಿಲ್’, ಬಟ್ಟಲಿನಾಕಾರದ ಚರ್ಮವಾದ್ಯ ‘ದಬಕಾನ್’ ಜೊತೆಗೂಡುತ್ತವೆ. ಸ್ಪೇನಿನ ಆಳ್ವಿಕೆಗೆ ಪೂರ್ಣವಾಗಿ ಒಳಗಾಗದ ಪ್ರದೇಶದ ಸಂಗೀತವಾದ್ದರಿಂದ ವಸಾಹತುಪೂರ್ವ ಪರಂಪರೆಯನ್ನು ಅರಸುತ್ತಿದ್ದ ಅಮೆರಿಕದ ಫಿಲಿಪಿನೋ ಯುವಜನರಿಗೆ ಇದು ಬಲವಾಗಿ ಆಕರ್ಷಕವಾಯಿತು.

ಮಗಿಂದನಾವೊ ವಾದಕ ದನೋಂಗನ್ ಕಲಂದುಯಾನ್ (1947-2016) 1976ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬಂದರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ ನೆಲೆಸಿ ದಶಕಗಳ ಕಾಲ ಶಿಷ್ಯರನ್ನು ತಯಾರಿಸಿದರು; 1995ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಗೌರವಕ್ಕೆ ಪಾತ್ರರಾದರು. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಥಾಪನೆಯಾದ ‘ಕುಲಿಂತಾಂಗ್ ಆರ್ಟ್ಸ್’ ಸಂಸ್ಥೆ ಇದೇ ಪರಂಪರೆಯನ್ನು ಆಧುನಿಕ ನೃತ್ಯ ಮತ್ತು ಜಾಸ್‌ನೊಂದಿಗೆ ಬೆಸೆಯುವ ಪ್ರಯೋಗಗಳನ್ನು ನಡೆಸಿತು. ಅಲೆಲೂಯ ಪಾನಿಸ್ ಅದರ ಸ್ಥಾಪಕರಲ್ಲಿ ಒಬ್ಬರು.

ಇಲ್ಲಿ ಒಂದು ತೊಡಕಿದೆ. ಕುಲಿಂತಾಂಗ್ ಕಲಿತ ಅಮೆರಿಕದ ಫಿಲಿಪಿನೋಗಳಲ್ಲಿ ಹೆಚ್ಚಿನವರು ಬಯಲುನಾಡಿನ ಕ್ರೈಸ್ತ ಕುಟುಂಬಗಳ ಮಕ್ಕಳು. ತಾಯ್ನಾಡಿನಲ್ಲಿ ಇದೇ ಬಯಲುನಾಡಿನವರ ವಲಸೆಯಿಂದಾಗಿ ಮಿಂದನಾವೊದ ಮುಸ್ಲಿಮರು ತಮ್ಮ ನೆಲ ಕಳೆದುಕೊಂಡ, ಸಶಸ್ತ್ರ ಸಂಘರ್ಷಕ್ಕೆ ಸಿಲುಕಿದ ಚರಿತ್ರೆ ಇದೆ. ಹೀಗಿರುವಾಗ ಆ ಸಮುದಾಯಗಳ ಗಂಟೆಗಳನ್ನು ‘ಎಲ್ಲ ಫಿಲಿಪಿನೋಗಳ ಪ್ರಾಚೀನ ಸಂಗೀತ’ ಎಂದು ವೇದಿಕೆಗೆ ತರುವುದು ಎಷ್ಟು ನ್ಯಾಯ? ವಿಶ್ವವಿದ್ಯಾಲಯಗಳ ಫಿಲಿಪಿನೋ ವಿದ್ಯಾರ್ಥಿ ಸಂಘಗಳು ವರ್ಷಕ್ಕೊಮ್ಮೆ ನಡೆಸುವ ಸಾಂಸ್ಕೃತಿಕ ರಾತ್ರಿಗಳನ್ನು ಕುರಿತು ಥಿಯೊಡೋರ್ ಗೊನ್ಸಾಲ್ವೆಸ್ 2009ರ ತಮ್ಮ ಕೃತಿಯಲ್ಲಿ ಚರ್ಚಿಸಿರುವುದು ಇದಕ್ಕೆ ಹತ್ತಿರದ ಪ್ರಶ್ನೆಗಳನ್ನೇ. 1957ರಲ್ಲಿ ಮನಿಲಾದಲ್ಲಿ ಹುಟ್ಟಿದ ‘ಬಯನಿಹಾನ್’ ನೃತ್ಯತಂಡ ರೂಪಿಸಿದ ರಂಗಮಾದರಿಯು ವಲಸಿಗ ಮಕ್ಕಳಿಗೆ ಒಟ್ಟು ಸೇರುವ ನೆಪವಾಯಿತು. ಜೊತೆಗೆ, ಜೀವಂತ ಸಮುದಾಯಗಳನ್ನು ವೇಷಭೂಷಣಗಳ ಮಟ್ಟಕ್ಕೆ ಇಳಿಸುವ ಅಪಾಯವನ್ನೂ ತಂದಿತು.

ಈ ತೊಡಕಿಗೆ ಸಿದ್ಧ ಉತ್ತರವಿಲ್ಲ. ಆದರೆ ಗುರುವಿನ ಎದುರು ಕುಳಿತು, ಸಮುದಾಯದ ಹೆಸರು ಹೇಳಿ, ಅದರ ನಿಯಮಗಳನ್ನು ಗೌರವಿಸಿ ಕಲಿಯುವುದಕ್ಕೂ, ಧ್ವನಿಯನ್ನು ಮಾತ್ರ ಕಿತ್ತುಕೊಂಡು ಬಳಸುವುದಕ್ಕೂ ವ್ಯತ್ಯಾಸವಿದೆ. ಪರಂಪರೆಯ ವಾರಸುದಾರಿಕೆ ರಕ್ತದಿಂದ ತಾನಾಗಿ ಬರುವುದಿಲ್ಲ. ಕಲಿಕೆಯ ಋಣವನ್ನು ಒಪ್ಪಿಕೊಂಡಾಗ ಅದರ ಒಂದು ಭಾಗಕ್ಕೆ ಹಕ್ಕು ಹುಟ್ಟುತ್ತದೆ. ಕೆನಡಾದ ಟೊರಾಂಟೊದಲ್ಲಿ 2012ರಲ್ಲಿ ಮಹಿಳೆಯರು ಕಟ್ಟಿಕೊಂಡ ‘ಪಂತಾಯೊ’ ತಂಡವು ಕುಲಿಂತಾಂಗನ್ನು ಇಂದಿನ ಪಾಪ್ ಸಂಗೀತದೊಂದಿಗೆ ಬೆಸೆದು 2020ರಲ್ಲಿ ತನ್ನ ಮೊದಲ ಆಲ್ಬಂ ತಂದಿತು. ಆ ಆಲ್ಬಂ ಕೆನಡಾದ ಪೊಲಾರಿಸ್ ಪ್ರಶಸ್ತಿಯ ಅಂತಿಮ ಪಟ್ಟಿಯನ್ನೂ ತಲುಪಿತು. ಡಿಜೆ ತಂಡಗಳ ಕಾಲದಲ್ಲಿ ಹೊರಗೆ ಉಳಿದ ಹೆಣ್ಣುದನಿ ಇಲ್ಲಿ ಗಂಟೆಗಳ ನಡುವೆ ನಿಂತಿದೆ.

6. ಸ್ಥಳದ ಪ್ರಶ್ನೆ

ಕುಟುಂಬದ ಆಸರೆಗೆ ಒಂದು ಮಿತಿ ಉಂಟು. ಮದುವೆಯ ಕೂಟದಲ್ಲಿ ಕುಣಿಸುವ ಸಂಗೀತ ಸಲ್ಲುತ್ತದೆ. ವಲಸೆಯ ನೋವನ್ನೋ ಮನೆಯೊಳಗಿನ ಮೌನವನ್ನೋ ಪ್ರಶ್ನಿಸುವ ಹಾಡು ಅಲ್ಲಿ ಸಲ್ಲದು. ಅಂಥ ಹಾಡಿಗೆ ಬೇರೆ ಸ್ಥಳ ಬೇಕು. ಸ್ಯಾನ್ ಫ್ರಾನ್ಸಿಸ್ಕೊದ ‘ಸೌತ್ ಆಫ್ ಮಾರ್ಕೆಟ್’ ಬಡಾವಣೆಯ ಆರನೆಯ ಬೀದಿಯಲ್ಲಿದ್ದ ‘ಬಿಂಡಲ್‌ಸ್ಟಿಫ್ ಸ್ಟುಡಿಯೊ’ ಎಂಬ ಪುಟ್ಟ ರಂಗಮಂದಿರವನ್ನು 1990ರ ದಶಕದ ಕೊನೆಯಲ್ಲಿ ಫಿಲಿಪಿನೋ ಅಮೆರಿಕನ್ ಕಲಾವಿದರು ತಮ್ಮ ನೆಲೆಯಾಗಿಸಿಕೊಂಡರು. ನಾಟಕ, ಹಾಸ್ಯ, ಕವಿತಾವಾಚನ, ರಾಕ್ ತಂಡಗಳ ಕಛೇರಿ ಎಲ್ಲಕ್ಕೂ ಅದೇ ವೇದಿಕೆ. ಹಳೆಯ ಕಟ್ಟಡ ನೆಲಸಮವಾದ ಮೇಲೆ ಬಳಗವು ವರ್ಷಗಳ ಕಾಲ ತಾತ್ಕಾಲಿಕ ತಾಣಗಳಲ್ಲಿ ಕಾಲ ಕಳೆದು, 2011ರಲ್ಲಿ ಅದೇ ಬೀದಿಯ ಹೊಸ ಕಟ್ಟಡದ ನೆಲಮಾಳಿಗೆಗೆ ಮರಳಿತು.

ಈ ಬಡಾವಣೆಯ ಹಿನ್ನೆಲೆ ಗಮನಾರ್ಹ. ಮನಿಲಾಟೌನ್ ಕಳೆದುಕೊಂಡ ಫಿಲಿಪಿನೋಗಳಿಗೆ ಇದು ಎರಡನೆಯ ನೆಲೆಯಾಯಿತು. ನಗರ ನವೀಕರಣ ಇಲ್ಲಿಗೂ ಬಂದಾಗ ಸಮುದಾಯವು ಹೋರಾಡಿ ತನ್ನ ಗುರುತನ್ನು ಉಳಿಸಿಕೊಂಡಿತು. ಇಲ್ಲಿನ ಕೆಲವು ಬೀದಿಗಳಿಗೆ ರಿಸಾಲ್, ಬೊನಿಫಾಸಿಯೊ, ಮಬಿನಿ, ಲಾಪುಲಾಪು ಎಂಬ ಫಿಲಿಪೀನ್ಸ್ ವೀರರ ಹೆಸರುಗಳಿವೆ. 2016ರಲ್ಲಿ ನಗರಾಡಳಿತವು ಈ ಭಾಗವನ್ನು ‘ಸೋಮಾ ಪಿಲಿಪಿನಾಸ್’ ಎಂಬ ಸಾಂಸ್ಕೃತಿಕ ಜಿಲ್ಲೆಯಾಗಿ ಗುರುತಿಸಿತು. 2017ರಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ಮಾನ್ಯತೆಯೂ ದೊರೆಯಿತು. ಅದೇ ವರ್ಷ ಆರಂಭವಾದ ‘ಅನ್‌ಡಿಸ್ಕವರ್ಡ್’ ಎಂಬ ರಾತ್ರಿಸಂತೆ ಊಟದಂಗಡಿಗಳ ಜೊತೆಗೆ ಸ್ಥಳೀಯ ಗಾಯಕರಿಗೂ ಡಿಜೆಗಳಿಗೂ ವೇದಿಕೆ ಕೊಟ್ಟಿತು. ಇಂಟರ್‌ನ್ಯಾಷನಲ್ ಹೋಟೆಲಿನ ಜಾಗದಲ್ಲೂ 2005ರಲ್ಲಿ ವೃದ್ಧರಿಗಾಗಿ ಹೊಸ ವಸತಿ ಸಮುಚ್ಚಯವೊಂದು ತೆರೆಯಿತು. ಅದರ ನೆಲ ಅಂತಸ್ತಿನಲ್ಲಿ ಮನಿಲಾಟೌನ್ ಹೆಸರಿನ ಸಾಂಸ್ಕೃತಿಕ ಕೇಂದ್ರವಿದೆ. 1977ರಲ್ಲಿ ಕಳೆದುಕೊಂಡ ನೆಲದ ಮೇಲೆ ಮತ್ತೆ ದನಿ ಕೇಳಲು 28 ವರ್ಷ ಹಿಡಿಯಿತು. ತಂತ್ರಜ್ಞಾನ ಉದ್ಯಮದ ಹಣದಿಂದ ಬಾಡಿಗೆ ಗಗನಕ್ಕೇರಿದ ಈ ನಗರದಲ್ಲಿ ಸಾಂಸ್ಕೃತಿಕ ಜಿಲ್ಲೆಯ ಫಲಕ ಮಾತ್ರ ಕಲಾವಿದನನ್ನು ಉಳಿಸದು. ಅಭ್ಯಾಸದ ಕೋಣೆಯ ಬಾಡಿಗೆ ತೆರಲಾಗದವನು ದೂರದ ಊರಿಗೆ ಹೋಗುತ್ತಾನೆ; ಅವನೊಂದಿಗೆ ವಲಯದ ಒಂದು ಎಳೆಯೂ ಕಳಚುತ್ತದೆ.

ಹಾಡನ್ನು ಮುದ್ರಿಸಿ ಹಂಚುವ ವ್ಯವಸ್ಥೆಯೂ ಸ್ಥಳದಷ್ಟೇ ಅಗತ್ಯ. ಕ್ಯಾಲಿಫೋರ್ನಿಯದ ‘ಬೀಟ್‌ರಾಕ್ ಮ್ಯೂಸಿಕ್’ ಎಂಬ ಸ್ವತಂತ್ರ ಪ್ರಕಾಶನವು ಬಂಬು, ರಾಕಿ ರಿವೇರ ಮುಂತಾದ ಫಿಲಿಪಿನೋ ಅಮೆರಿಕನ್ ರ‍್ಯಾಪ್ ಕಲಾವಿದರನ್ನು ಒಂದೆಡೆ ತಂದಿತು. ತಕ್ಲೋಬಾನ್ ನಗರದಲ್ಲಿ ಹುಟ್ಟಿ ಕೊಲ್ಲಿ ಪ್ರದೇಶದಲ್ಲಿ ಬೆಳೆದ ರೂಬಿ ಇಬಾರ 2017ರಲ್ಲಿ ತಮ್ಮ ವಲಸೆಯ ಅನುಭವವನ್ನೇ ವಸ್ತುವಾಗಿಸಿ ‘ಸರ್ಕ91’ ಆಲ್ಬಂ ಹೊರತಂದದ್ದು ಇದೇ ಪ್ರಕಾಶನದಿಂದ. ಇಂಗ್ಲಿಷಿನ ಜೊತೆ ತಾಯ್ನಾಡಿನ ನುಡಿಗಳನ್ನೂ ಬೆರೆಸಿ ಹಾಡುವ ಅವರಿಗೆ ಆ ನುಡಿಯನ್ನು ಅರಿತ ಕೇಳುಗರು ಊರಲ್ಲೇ ಇದ್ದರು.

7. ಉಪಸಂಹಾರ

ರೂಬಿ ಇಬಾರ 2025ರಲ್ಲಿ ಅಮೆರಿಕದ ಸಾರ್ವಜನಿಕ ಬಾನುಲಿಯ ‘ಟೈನಿ ಡೆಸ್ಕ್’ ಸ್ಪರ್ಧೆಯನ್ನು ಗೆದ್ದರು. ಗೆದ್ದ ಹಾಡಿನ ಹೆಸರು ‘ಬಕುನಾವಾ’. ಫಿಲಿಪೀನ್ಸ್‌ನ ವಿಸಾಯ ದ್ವೀಪಗಳ ಪುರಾಣದಲ್ಲಿ ಬಕುನಾವಾ ಎಂಬುದು ಚಂದ್ರನನ್ನು ನುಂಗುವ ಮಹಾಸರ್ಪ. ನಮ್ಮ ರಾಹುವಿನಂತೆ ಗ್ರಹಣಕ್ಕೆ ಕಾರಣ. ಮೊದಲು ಏಳು ಚಂದ್ರರಿದ್ದರೆಂದೂ ಸರ್ಪವು ಒಂದೊಂದಾಗಿ ನುಂಗಿ ಒಂದೇ ಉಳಿಯಿತೆಂದೂ ಕಥೆ ಹೇಳುತ್ತದೆ. ಗ್ರಹಣ ಕಾಲದಲ್ಲಿ ಊರವರೆಲ್ಲ ಹೊರಬಂದು ಪಾತ್ರೆ ಪಡಗ ಬಡಿದು, ಗದ್ದಲವೆಬ್ಬಿಸಿ, ಸರ್ಪವು ಚಂದ್ರನನ್ನು ಉಗುಳುವಂತೆ ಮಾಡುವ ಆಚರಣೆ ಅಲ್ಲಿತ್ತು.

ಹಾಡಿನಲ್ಲಿ ಇಬಾರ ಅವರೊಡನೆ ದನಿಗೂಡಿಸಿದವರನ್ನು ಗಮನಿಸಿದರೆ ಈ ಲೇಖನದ ವಾದ ಸ್ಪಷ್ಟವಾಗುತ್ತದೆ. ಟೊರಾಂಟೊದಲ್ಲಿ ದಾದಿಯಾಗಿ ದುಡಿಯುತ್ತಲೇ ರ‍್ಯಾಪ್ ಕಲಾವಿದೆಯಾಗಿ ಬೆಳೆದ ಹಾನ್ ಹಾನ್ ಅದರಲ್ಲಿದ್ದಾರೆ. 1970ರಲ್ಲಿ ‘ಫ್ಯಾನಿ’ಯ ಗಿಟಾರ್ ಹಿಡಿದಿದ್ದ ಜೂನ್ ಮಿಲಿಂಗ್ಟನ್ ಕೂಡ ಇದ್ದಾರೆ. ತಮ್ಮ ಕಾಲದಲ್ಲಿ ಸಮುದಾಯದ ವಲಯವಿಲ್ಲದೆ ಹಾಡಿದ ಮಿಲಿಂಗ್ಟನ್ 1980ರ ದಶಕದಲ್ಲಿ ಸಂಗೀತದಲ್ಲಿ ತೊಡಗಿದ ಮಹಿಳೆಯರಿಗೂ ಹುಡುಗಿಯರಿಗೂ ಆಸರೆಯಾಗುವ ಸಂಸ್ಥೆಯೊಂದನ್ನು ಸಹಸ್ಥಾಪಿಸಿದವರು. ಒಂಟಿ ಕಲಾವಿದೆಯಾಗಿದ್ದವರು ಅರ್ಧ ಶತಮಾನದ ನಂತರ ಕಿರಿಯರ ಹಾಡಿಗೆ ಹಿಮ್ಮೇಳವಾಗಿ ನಿಂತರು.

ಒಟ್ಟಾರೆಯಾಗಿ ನೋಡಿದಾಗ, ಈ ಸಂಗೀತವಲಯವನ್ನು ನಾಲ್ಕು ಆಧಾರಗಳು ಹೊತ್ತು ನಿಂತಿವೆ: ಆವರ್ತಿಸುವ ಆಚರಣೆಗಳು ಒದಗಿಸುವ ಸಂದರ್ಭ, ಬಂಧುಬಳಗದ ಹಣ ಮತ್ತು ಹೆಗಲು, ಕಲಿಸುವ ಗುರು, ಕಳೆದುಹೋಗದ ಸ್ಥಳ. ಮೊದಲ ಮೂರನ್ನು ವಲಸಿಗರು ತಮ್ಮೊಂದಿಗೆ ಹೊತ್ತು ತರಬಲ್ಲರು. ನಾಲ್ಕನೆಯದನ್ನು ಹೊತ್ತು ತರಲಾಗದು. ಅದಕ್ಕಾಗಿ ಪ್ರತಿ ಪೀಳಿಗೆಯೂ ಹೊಸದಾಗಿ ಹೋರಾಡಬೇಕಾಗಿದೆ. ವಾಟ್ಸನ್‌ವಿಲ್‌ನಿಂದ ಆರನೆಯ ಬೀದಿಯವರೆಗಿನ ಚರಿತ್ರೆ ಕಲಿಸುವ ಪಾಠ ಇದು. ಇದೇ ಕೊಲ್ಲಿ ಪ್ರದೇಶದಲ್ಲಿ ನೆಲೆಸಿರುವ ಕನ್ನಡಿಗರ ಕಲಾಚಟುವಟಿಕೆಗಳನ್ನು ಅಧ್ಯಯನ ಮಾಡುವವರಿಗೂ ಈ ನಾಲ್ಕು ಆಧಾರಗಳು ಪ್ರಶ್ನಾವಳಿಯಾಗಿ ಉಪಯುಕ್ತವಾಗಬಹುದು. ವೇದಿಕೆಯ ಮೇಲೆ ಯಾರು ಹಾಡಿದರು ಎಂದು ಕೇಳುವುದರ ಜೊತೆಗೆ ಆ ವೇದಿಕೆಯ ಬಾಡಿಗೆ ತೆತ್ತವರು ಯಾರು, ಸ್ಪೀಕರ್ ಹೊತ್ತವರು ಯಾರು, ಮನೆಯಲ್ಲೇ ಉಳಿದ ಹೆಣ್ಣುಮಕ್ಕಳು ಯಾರು ಎಂದೂ ಕೇಳಬೇಕು. ಗ್ರಹಣದ ರಾತ್ರಿ ಚಂದ್ರನನ್ನು ಬಿಡಿಸಿದ ಕೀರ್ತಿ ಯಾವ ಒಬ್ಬನಿಗೂ ಸಲ್ಲುವುದಿಲ್ಲ. ಅಂದು ಪಾತ್ರೆ ಬಡಿದವರೆಲ್ಲರಿಗೂ ಅದರಲ್ಲಿ ಪಾಲಿದೆ.